ಅಣ್ಣನ ಜೀನ್ ದೋಷ, ಮಗಳ ಮದುವೆ ಮಾತು

ಪ್ರಶ್ನೆ: ಅಣ್ಣನಿಗೆ 31ಕ್ಕೇ ಪಾರ್ಕಿನ್ಸನ್ಸ್ ಬಂತು. ಸಂಜೆಯಾದರೆ ಎಡಗಾಲಿನ ಬೆರಳುಗಳು ಮಡಚಿಕೊಂಡು ಚಪ್ಪಲಿ ನಿಲ್ಲುವುದಿಲ್ಲ, ಒಂದು ನಿದ್ದೆ ಮಾಡಿ ಎದ್ದರೆ ಎಷ್ಟೋ ವಾಸಿ. ರಿಪೋರ್ಟಿನಲ್ಲಿ 'ಪಾರ್ಕಿನ್ ಜೀನ್, ಎಕ್ಸಾನ್ 4 ಡಿಲೀಷನ್, ಎರಡೂ ಪ್ರತಿಯಲ್ಲಿ' ಅಂತ ಬಂದಿದೆ. ನಮ್ಮಮ್ಮನನ್ನು ಅವರ ಸೋದರಮಾವನಿಗೇ ಕೊಟ್ಟಿದ್ದು. ನನಗೀಗ 42, ಆರಾಮಾಗಿದ್ದೇನೆ. ನನ್ನ 20 ವರ್ಷದ ಮಗಳನ್ನು ಅಣ್ಣನ ಮಗನಿಗೆ ಕೊಡುವ ಮಾತು ನಡೆದಿದೆ. ಕೊಡಬಹುದಾ?

ಉತ್ತರ: ಈಗಲೇ ಹೂಂ ಅನ್ನಬೇಡಿ. ಮೊದಲು ನಿಮ್ಮ ರಕ್ತ ಪರೀಕ್ಷೆ ಆಗಲಿ.

ರಿಪೋರ್ಟಿನ ಅರ್ಥ ಇಷ್ಟು: ಪಾರ್ಕಿನ್ ಅನ್ನೋ ಜೀನ್‌ನಲ್ಲಿ ಎಕ್ಸಾನ್ 4 ಅನ್ನೋ ತುಂಡು ಕಾಣೆಯಾಗಿದೆ. ಆ ಜೀನ್ ಕೆಲಸ ಏನು ಅಂತ ನೋಡಿ. ಜೀವಕೋಶದೊಳಗೆ ಪ್ರೋಟೀನ್‌ಗಳು ದಿನವೂ ಕೆಡುತ್ತಿರುತ್ತವೆ. ಕೆಟ್ಟಿದ್ದಕ್ಕೆ ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನ್ ಅಂಟಿಸಬೇಕು, ಬರೀ 76 ಅಮೈನೋ ಆಮ್ಲದ್ದು. ಅದು ಅಂಟಿದ ಸರಕನ್ನು ಪ್ರೋಟಿಯಸೋಮ್ ಒಳಗೆಳೆದುಕೊಂಡು ತುಂಡು ತುಂಡು ಮಾಡುತ್ತದೆ. ಈ ವ್ಯವಸ್ಥೆ ಕಂಡುಹಿಡಿದ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಪಾರ್ಕಿನ್ ಜೀನ್‌ನಿಂದ ತಯಾರಾಗುವ ಪ್ರೋಟೀನ್‌ನ ಕೆಲಸ ಈ ಅಂಟಿಸುವುದೇ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಹಾಳಾದರೆ ಅದಕ್ಕೂ ಅದು ಹೀಗೇ ಗುರುತು ಹಾಕುತ್ತದೆ, ಆಗ ಕೋಶ ಅದನ್ನು ಇಡಿಯಾಗಿ ನುಂಗಿ ಕರಗಿಸುತ್ತದೆ. ಗುರುತು ಬೀಳದಿದ್ದರೆ ಕಸ ಉಳಿಯಿತು. ಮಿದುಳಿನಲ್ಲಿ ಕೈಕಾಲಿನ ಚಲನೆಗೆ ಬೇಕಾದ ಡೋಪಮೈನ್ ತಯಾರಿಸುವ ಕೋಶಗಳಿಗೆ ಇದರ ಪೆಟ್ಟು ಜಾಸ್ತಿ.

ಈ ಜೀನ್ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ, ಅಪ್ಪನದೊಂದು ಅಮ್ಮನದೊಂದು. ಎರಡೂ ಕೆಟ್ಟಿದ್ದರೆ ಈ ಕಾಯಿಲೆ. ಒಂದು ಚೆನ್ನಾಗಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನಿಮ್ಮ ಅಪ್ಪ ಅಮ್ಮನಂತೆ. ಒಂದೇ ಕುಟುಂಬದ ಕೆಟ್ಟ ಪ್ರತಿ ಇಬ್ಬರಲ್ಲೂ ಇದ್ದು, ಅಣ್ಣನಲ್ಲಿ ಬಂದು ಸೇರಿದೆ, ಅಷ್ಟೇ. ನಿಮಗೂ ಎರಡೂ ಕೆಟ್ಟದ್ದೇ ಬಂದಿರುವ ಸಾಧ್ಯತೆ ಹುಟ್ಟುವಾಗ ನಾಲ್ಕರಲ್ಲಿ ಒಂದಿತ್ತು. ಇದು ಹೆಚ್ಚಾಗಿ 40ರೊಳಗೇ ಶುರುವಾಗುವುದರಿಂದ ನೀವು ತಪ್ಪಿಸಿಕೊಂಡಂತೆಯೇ ಕಾಣುತ್ತದೆ. ಆದರೆ ಒಂದು ಕೆಟ್ಟ ಪ್ರತಿ ನಿಮ್ಮಲ್ಲಿ ಸುಮ್ನೆ ಕೂತಿರಬಹುದು, ಅದು ಮಗಳಿಗೂ ಹೋಗಿರಬಹುದು.

ಅಣ್ಣನ ಮಗನ ವಿಷಯದಲ್ಲಿ ಅನುಮಾನವೇ ಇಲ್ಲ. ಅಪ್ಪನ ಎರಡೂ ಕೆಟ್ಟಿರುವಾಗ ಮಗನಿಗೆ ಒಂದು ಕೆಟ್ಟದ್ದು ಬಂದೇ ಬಂದಿರುತ್ತದೆ. ಮಗಳಲ್ಲೂ ಒಂದಿದ್ದರೆ ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ಮತ್ತೆ ಅದೇ ನಾಲ್ಕರಲ್ಲಿ ಒಂದು. ನೀವು ಕ್ಲೀನ್ ಅಂತ ಬಂದು, ನಿಮ್ಮ ಯಜಮಾನರು ಸಂಬಂಧದೊಳಗಿನವರಲ್ಲದಿದ್ದರೆ, ಈ ಜೀನ್ ಮಟ್ಟಿಗೆ ಮಗಳ ಚಿಂತೆ ಬಿಡಬಹುದು. ನಿಮ್ಮಲ್ಲಿ ಇದ್ದರೆ ಅವಳಿಗೂ ಮಾಡಿಸಿ, ಅವಳು ಒಪ್ಪಿದರೆ ಮಾತ್ರ. (ಮದುವೆಗೂ ಅವಳನ್ನು ಕೇಳಿದ್ದೀರಿ ತಾನೇ?)

ಲ್ಯಾಬಿಗೆ ಅಣ್ಣನ ರಿಪೋರ್ಟ್ ಮರೆಯದೆ ಒಯ್ಯಿರಿ. ಅವರ ಜೀನ್‌ನಲ್ಲಿ ಆಗಿರುವುದು ಅಕ್ಷರ ತಪ್ಪಲ್ಲ, ಪುಟವೇ ಹರಿದುಹೋಗಿರುವುದು. 1998ರಲ್ಲಿ ಜಪಾನಿನವರು ಈ ಜೀನ್ ಪತ್ತೆ ಮಾಡಿದಾಗ ರೋಗಿಗಳಲ್ಲಿ ಕಾಣೆಯಾಗಿದ್ದುದೂ ಇಂಥ ತುಂಡುಗಳೇ. ಒಂದೇ ಪ್ರತಿಯಲ್ಲಿ ಹರಿದಿದ್ದರೆ ಜೀನ್ ಅನ್ನು ಅಕ್ಷರ ಅಕ್ಷರವಾಗಿ ಓದುವ ಮಾಮೂಲಿ ಸೀಕ್ವೆನ್ಸಿಂಗ್ ಕಣ್ಣಿಗೆ ಅದು ಬೀಳದೆ ಹೋಗಬಹುದು, ಇನ್ನೊಂದು ಪ್ರತಿ ಅದನ್ನು ಮುಚ್ಚಿಬಿಡುತ್ತದೆ. ಜೀನ್‌ನ ಪ್ರತಿ ತುಂಡೂ ಎಷ್ಟು ಪ್ರತಿ ಇದೆ ಅಂತ ಎಣಿಸುವ ಎಂಎಲ್‌ಪಿಎ ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಕೇಳಿ.