ವಿಜಯಪುರದಲ್ಲಿ ನಡೆಯುವ ಮಕ್ಕಳ ಸೈಕ್ಲಿಂಗ್ ಸ್ಪರ್ಧೆಗೆ ಪತ್ರಿಕಾ ಪ್ರಕಟಣೆ ಹೇಗಿರಬೇಕು?

ದಿನಾಂಕ, ಸಮಯ, ಸ್ಪರ್ಧೆ ಆರಂಭವಾಗುವ ಸ್ಥಳ, ವಯೋಮಿತಿ, ಹೆಸರು ನೋಂದಾಯಿಸಲು ಕೊನೆಯ ದಿನ ಇವೆಲ್ಲವೂ ಮೊದಲ ಪ್ಯಾರಾದಲ್ಲಿಯೇ ಬರಬೇಕು; ಜಿಲ್ಲಾ ಪುಟದಲ್ಲಿ ಜಾಗ ಸಾಲದಿದ್ದಾಗ ಉಪಸಂಪಾದಕರು ಸಾಮಾನ್ಯವಾಗಿ ಸುದ್ದಿಯನ್ನು ಕೊನೆಯಿಂದ ಕತ್ತರಿಸುತ್ತಾರೆ. ಅತಿಥಿಗಳ ಉದ್ದನೆಯ ಪಟ್ಟಿಯಿಂದ ಆರಂಭಿಸುವ ರೂಢಿಯನ್ನು ದಯವಿಟ್ಟು ಬಿಡಿ. ಸೈಕ್ಲಿಸ್ಟ್‌ಗಳಿಗೆ ಹೆಸರಾದ ಈ ಜಿಲ್ಲೆಯಲ್ಲಿ ‘ಬೃಹತ್ ಸ್ಪರ್ಧೆ’ ಎಂಬ ಮಾತಿಗಿಂತ, ಅಣ್ಣನ ಹಳೆಯ ಸೈಕಲ್ಲಿನ ಸೀಟು ಇಳಿಸಿಕೊಂಡು ನಸುಕಿನಲ್ಲಿ ಅಭ್ಯಾಸಕ್ಕೆ ಹೊರಡುವ ಹುಡುಗಿಯೊಬ್ಬಳ ಬಗೆಗಿನ ಎರಡು ಸಾಲು ವರದಿಗಾರರ ಗಮನ ಸೆಳೆಯುತ್ತವೆ; ಅದಕ್ಕೆ ಪಾಲಕರ ಒಪ್ಪಿಗೆ ಬೇಕೇ ಬೇಕು. ಸುಮಾರು 10 ದಿನ ಮೊದಲೇ, ಟೈಪ್ ಮಾಡಿದ ಪಠ್ಯವನ್ನೇ ಕಳಿಸಿ. ಲೆಟರ್‌ಹೆಡ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ, ಸಂಜೆಯ ಗಡಿಬಿಡಿಯಲ್ಲಿ ಅದನ್ನು ಮತ್ತೆ ಟೈಪಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಫಲಿತಾಂಶವನ್ನು ಸ್ಪರ್ಧೆಯ ದಿನವೇ, ಮಕ್ಕಳ ಹೆಸರಿನ ಕಾಗುಣಿತ ತಪ್ಪದಂತೆ ಕಳಿಸಿ.