ಕೋವಿ ಜೋಡಿಸಿದ ಮೇಲೆ ಒಂದು ಬಳೆ ಉಳಿದರೆ?

ಪ್ರಶ್ನೆ: ಕೊಡಗಿನ ತೋಟದಲ್ಲಿದ್ದ ಮಾವನವರ ಹನ್ನೆರಡು ಬೋರಿನ ಹಳೆಯ ಬ್ರೌನಿಂಗ್ ಆಟೊ-5 ಕೋವಿ ಈಗ ನನ್ನ ಪರವಾನಗಿಯಲ್ಲಿದೆ. ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ಹಬ್ಬಕ್ಕೆ ಮುಂಚೆ ಬಿಚ್ಚಿ ಒರೆಸಿದೆ. ಮತ್ತೆ ಜೋಡಿಸಿದಾಗ ಉಕ್ಕಿನ ಒಂದು ಬಳೆ ಪತ್ರಿಕೆಯ ಮೇಲೆಯೇ ಉಳಿದಿತ್ತು. ಅದಿಲ್ಲದೆಯೂ ಕೋವಿ ಸರಿಯಾಗಿ ಕೂತಿದೆ. ಹಾಗೆಯೇ ಬಿಡಬಹುದೇ?
– ಬಸವನಗುಡಿಯ ಓದುಗರು

ಉತ್ತರ: ಬಿಡಬೇಡಿ. ಕೂತಂತೆ ಕಾಣುವುದೇ ಈ ಕೋವಿಯ ಮೋಸ.

ಜಾನ್ ಬ್ರೌನಿಂಗ್ ರೂಪಿಸಿದ ಈ ಕೋವಿಯಲ್ಲಿ ತೋಟಾ ಸಿಡಿದಾಗ ನಳಿಗೆಯೂ ಬೋಲ್ಟಿನ (ತೋಟಾದ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು) ಜೊತೆಗೇ ಹಿಂದಕ್ಕೆ ಸರಿಯುತ್ತದೆ. ಆ ಓಟವನ್ನು ತಡೆಯುವುದು ನಳಿಗೆಯ ಕೆಳಗೆ ತೋಟಾ ತುಂಬುವ ಮ್ಯಾಗಜಿನ್ ಕೊಳವೆಯ ಮೇಲಿನ ದೊಡ್ಡ ಸ್ಪ್ರಿಂಗ್ ಮತ್ತು ಕೊಳವೆಯನ್ನು ಬಿಗಿಯಾಗಿ ಹಿಡಿಯುವ ಕಂಚಿನ ತುಂಡು. ನಿಮ್ಮ ಪತ್ರಿಕೆಯ ಮೇಲಿದ್ದ ಬಳೆ ಆ ಕಂಚನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಅದಿಲ್ಲದೆ ಭಾರದ (ಹೆಚ್ಚು ಬಲದ) ತೋಟಾ ಹಾರಿಸಿದರೆ ಹೆಗಲಿಗೆ ಒದೆತ ಬಲವಾಗುತ್ತದೆ. ನಳಿಗೆಯ ಕೆಳಗಿನ ಮರದ ಹಿಡಿ ಸೀಳುತ್ತದೆ. ಹಳೆಯ ಆಟೊ-5ಗಳ ಹಿಡಿಯಲ್ಲಿ ಕಾಣುವ ಬಿರುಕುಗಳಿಗೆ ಬಹುಪಾಲು ಇದೇ ಕಾರಣ.

ಬಳೆಗೆ ಎರಡು ಜಾಗಗಳಿವೆ. ಭಾರದ ತೋಟಾಕ್ಕೆ: ಮೊದಲು ಸ್ಪ್ರಿಂಗ್, ಅದರ ಮೇಲೆ ಬಳೆ (ಇಳಿಜಾರು ಬದಿ ಕಂಚಿನ ಕಡೆಗೆ), ಆಮೇಲೆ ಕಂಚು. ಹಗುರ ತೋಟಾಕ್ಕೆ: ಬಳೆ ಸ್ಪ್ರಿಂಗಿನ ಕೆಳಗೆ, ಕೋವಿಯ ಒಡಲಿಗೆ ತಾಗಿ ಸುಮ್ಮನೆ ಕೂರುತ್ತದೆ. ಭಾರದ ಜೋಡಣೆಯಲ್ಲಿ ಹಗುರ ತೋಟಾ ಹಾರಿಸಿದರೆ ಸಿಡಿದ ತೋಟಾದ ಖಾಲಿ ಕವಚ ಹೊರಬೀಳದೆ ಸಿಕ್ಕಿಕೊಳ್ಳಬಹುದು. ಅನುಮಾನವಿದ್ದರೆ ಭಾರದ ಜೋಡಣೆಯಿಂದಲೇ ಶುರುಮಾಡಿ. ಸಿಕ್ಕಿಕೊಂಡರೆ ಕಿರಿಕಿರಿ ಅಷ್ಟೇ, ಒಡೆದ ಮರಕ್ಕೆ ಮದ್ದಿಲ್ಲ. ಇನ್ನೂ ಬಲವಾದ ತೋಟಾಕ್ಕೆಂದೇ ಮಾಡಿದ ಮ್ಯಾಗ್ನಮ್ ಮಾದರಿಯ ಜೋಡಣೆ ಮಾತ್ರ ಬೇರೆ.

ಮತ್ತೆ ಬಿಚ್ಚುವ ಮೊದಲು ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ, ಮ್ಯಾಗಜಿನ್ನನ್ನೂ ನೋಡಿ. ಜೋಡಿಸುವಾಗ ಬೋಲ್ಟ್ ಹಿಂದೆ ಸಿಕ್ಕಿನಿಂತಿರಲಿ. ಬುಡವನ್ನು ನೆಲಕ್ಕೆ ಊರಿ, ನಳಿಗೆಯನ್ನು ಸ್ಪ್ರಿಂಗಿನ ವಿರುದ್ಧ ತುಸು ಒತ್ತಿ ಹಿಡಿದು, ಮರದ ಹಿಡಿಯನ್ನು ತೊಡಿಸಿ ಮ್ಯಾಗಜಿನ್ ಕೊಳವೆಯ ತುದಿಯ ಮುಚ್ಚಳವನ್ನು ಪೂರ್ತಿ ತಿರುಗಿಸಿ. ಮುಚ್ಚಳ ಸಡಿಲವಿದ್ದರೂ ಮರ ಸೀಳುತ್ತದೆ. ನಳಿಗೆಯ ಬಾಯಿಗೆ ಅಂಗೈಯನ್ನಾಗಲಿ ಮುಖವನ್ನಾಗಲಿ ಒಡ್ಡಬೇಡಿ. ಬೋಲ್ಟ್ ಮುಂದೆ ಬರುವ ಜಾಗದಿಂದ ಬೆರಳನ್ನೂ ದೂರವಿಡಿ, ಆ ಕಡಿತವನ್ನು ಒಮ್ಮೆ ತಿಂದವರು ಮರೆಯುವುದಿಲ್ಲ.

ಇನ್ನು ಎಣ್ಣೆ. ನಮ್ಮವರಿಗೆ ಎಣ್ಣೆ ಎಂದರೆ ಧಾರಾಳ. ಆದರೆ ಮ್ಯಾಗಜಿನ್ ಕೊಳವೆಯನ್ನು ತೊಯ್ಯಿಸಿದರೆ ಕಂಚಿನ ಹಿಡಿತ ಜಾರಿ, ಬಳೆ ಇದ್ದೂ ಇಲ್ಲದಂತಾಗುತ್ತದೆ. ಎಣ್ಣೆಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು.

ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಮುಡಿಸಿ ಚಂದನ, ಕುಂಕುಮ ಹಚ್ಚಿದ್ದರೆ ಅದೇ ಸಂಜೆ ತೆಗೆಯಿರಿ. ಒದ್ದೆ ಚಂದನ ಬೋಲ್ಟಿನ ಸಂದಿಗೆ ಇಳಿದು ಒಣಗಿದರೆ ಮಳೆಗಾಲದ ಬೆಂಗಳೂರಿನಲ್ಲಿ ಅದರಡಿ ತುಕ್ಕು ಹುಟ್ಟಲು ಬಹಳ ದಿನ ಬೇಕಾಗುವುದಿಲ್ಲ. ಪೊಲೀಸ್ ಠಾಣೆಗೆ ಚುನಾವಣೆ ಸಮಯದಲ್ಲಿ ಒಪ್ಪಿಸಿ ಹಿಂಪಡೆದ ಕೋವಿಯನ್ನೂ ಹೀಗೆಯೇ ತಂದ ದಿನವೇ ಒರೆಸಿ.

ಬಳೆ ಬಾಗಿದ್ದರೆ ಅಥವಾ ಕಂಚು ಸವೆದಿದ್ದರೆ ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿಯೇ ಹೋಗಿ. ನಿಮ್ಮ ಮೂಲ ಪರವಾನಗಿಯನ್ನು ಒಯ್ಯಿರಿ. ಜೊತೆಗೆ, ನಳಿಗೆಯ ಮೇಲಿನ ಗುರುತನ್ನೂ ಅವರಿಂದ ಓದಿಸಿಕೊಳ್ಳಿ: ಹಳೆಯ ಯುರೋಪಿಯನ್ ಕೋವಿಗಳಲ್ಲಿ ಕೆಲವು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು. ಅವಕ್ಕೆ 70 ಮಿಲಿಮೀಟರಿನದನ್ನು ಹಾಕುವಂತಿಲ್ಲ.