ಸಂಬಳದ ಆಸೆಯೂ ಇದೆ, ನಾನು ನರ್ಸ್ ಆಗಬಹುದಾ?

ಪ್ರಶ್ನೆ: ನಾನು ಅಂಕೋಲಾ ತಾಲೂಕಿನವಳು. ಪಿಯುಸಿ ಸೈನ್ಸ್ ಮುಗಿದಿದೆ. ನೀಟ್‌ನಲ್ಲಿ ಅಂಕ ಬರಲಿಲ್ಲ, ಸಿಇಟಿ ರ್‍ಯಾಂಕ್ ಪರವಾಗಿಲ್ಲ. ಹೋದ ವರ್ಷ ಅಪ್ಪ ಬೋಟಿನಲ್ಲಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಆಯಿ ಜೊತೆ ನಾನೂ ಆಸ್ಪತ್ರೆಯಲ್ಲೇ ಇದ್ದೆ. ಎಷ್ಟು ನೀರು ಕುಡಿದರು, ಯೂರಿನ್ ಬ್ಯಾಗಿನಲ್ಲಿ ಎಷ್ಟು ಬಂತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹಿಮ್ಮಡಿ ಕೆಂಪಾಗಿದ್ದನ್ನು ನೋಡಿ ಸಿಸ್ಟರ್‌ಗೆ ಹೇಳಿದ್ದೂ ನಾನೇ. ಆಗಿನಿಂದ ನರ್ಸಿಂಗ್ ಮಾಡಬೇಕು ಅನಿಸಿದೆ. ಆದರೆ ದೊಡ್ಡಪ್ಪ, ‘ಕಂಡವರ ಹೊಲಸು ಬಾಚುವ ಕೆಲಸ, ನಾಳೆ ಸಂಬಂಧ ಬರುವುದೂ ಕಷ್ಟ, ಸುಮ್ನೆ ಬಿಸಿಎ ಮಾಡು’ ಅನ್ನುತ್ತಾರೆ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಗೆಳತಿಯ ಅಕ್ಕ ಜರ್ಮನಿಯಲ್ಲಿ ನರ್ಸ್. ಅವಳ ಸಂಬಳ ಕೇಳಿ ನನಗೂ ಆಸೆಯಾಗಿದೆ, ಮನೆಯ ಸಾಲ ತೀರಿಸಬಹುದಲ್ಲ ಅಂತ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ‘ನರ್ಸಿಂಗ್ ಯಾಕೆ’ ಎಂದು ಕೇಳಿದ್ದಾರೆ. ‘ಸೇವೆ ಮಾಡುವ ಆಸೆ, ಫ್ಲಾರೆನ್ಸ್ ನೈಟಿಂಗೇಲ್ ನನ್ನ ಆದರ್ಶ’ ಅಂತ ಬರೆದಿದ್ದೇನೆ. ಸುಳ್ಳು ಬರೆದ ಹಾಗೆ ಅನಿಸಿ ಕಳಿಸಲು ಮನಸ್ಸಾಗುತ್ತಿಲ್ಲ. ನನಗೆ ನಿಜವಾಗಿ ಸೇವಾಭಾವ ಇದೆಯಾ?

ತಂಗೀ,

ನಿನ್ನ ಪತ್ರದಲ್ಲಿ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ನೋಟ್‌ಬುಕ್ಕಿನ ಸಾಲು, ಹಿಮ್ಮಡಿಯ ಸಾಲು. ನೀನು ಅವನ್ನು ದಾರಿಯಲ್ಲಿ ಸಿಕ್ಕ ಮಾತಿನ ಹಾಗೆ ಹೇಳಿ ಮುಂದೆ ಹೋಗಿದ್ದೀಯ. ನರ್ಸಿಂಗ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆ ನೋಟ್‌ಬುಕ್ಕಿಗೆ ವಾರ್ಡಿನಲ್ಲಿ ಇನ್‌ಟೇಕ್–ಔಟ್‌ಪುಟ್ ಚಾರ್ಟ್ ಅನ್ನುತ್ತೇವೆ. ಯಾರೂ ಹೇಳಿಕೊಡದೆ ನೀನದನ್ನು ಶುರು ಮಾಡಿದ್ದೆ.

ಹಿಮ್ಮಡಿಯ ವಿಷಯ ಇನ್ನೂ ದೊಡ್ಡದು. ಮಲಗಿದಲ್ಲೇ ಇರುವವರ ಬೆನ್ನು, ಸೊಂಟ, ಹಿಮ್ಮಡಿಯ ಚರ್ಮ ಒತ್ತಿಕೊಂಡು ರಕ್ತ ಓಡಾಡುವುದಿಲ್ಲ. ಮೊದಲು ಕೆಂಪಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಳ್ಳಬೇಕು. ಒತ್ತಿದರೂ ಕೆಂಪಾಗಿಯೇ ಉಳಿದರೆ ಅದು ಬೆಡ್‌ಸೋರ್ ಶುರುವಾದ ಲಕ್ಷಣ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದೂ ಇಲ್ಲ, ಮುಟ್ಟಿ ಬಿಸಿ ನೋಡಬೇಕು. ಅದನ್ನು ಬಿಟ್ಟರೆ ಮೂಳೆಯವರೆಗೂ ಹುಣ್ಣಾಗುತ್ತದೆ. ಅಪ್ಪನನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರಲ್ವಾ, ಅದು ಇದಕ್ಕೇ. ಆ ವಾರ್ಡಿಗೆ ಎಷ್ಟೋ ಮಂದಿ ಬಂದು ನಿನ್ನ ಅಪ್ಪನ ಮುಖ ನೋಡಿ ಹೋಗಿರುತ್ತಾರೆ. ಕಾಲು ನೋಡಿದವಳು ನೀನು.

ಸೇವಾಭಾವ ಇದೆಯಾ ಅಂತ ಕೇಳಿದ್ದೀಯ. ಎದೆಯೊಳಗೆ ಕೈ ಹಾಕಿ ಹುಡುಕಿದರೆ ಅದು ಯಾರಿಗೂ ಸಿಗುವುದಿಲ್ಲ. ನಿನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೋ, ಸಾಕು. ನೀನು ಅರ್ಜಿಯಲ್ಲಿ ಹೆಸರು ಬರೆದ ನೈಟಿಂಗೇಲ್ ಕೂಡ ದೀಪ ಹಿಡಿದು ಓಡಾಡಿದ್ದಷ್ಟೇ ಅಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಜಾಸ್ತಿ ಅಂತ ಲೆಕ್ಕ ಹಾಕಿ, ಆ ಅಂಕಿಗಳನ್ನು ಚಿತ್ರವಾಗಿ ಬರೆದು ಸರ್ಕಾರಕ್ಕೆ ತೋರಿಸಿದವಳು ಅವಳು. ನೋಡುವುದು, ಬರೆದಿಡುವುದು, ಹೇಳಬೇಕಾದವರಿಗೆ ಹೊತ್ತಿಗೆ ಸರಿಯಾಗಿ ಹೇಳುವುದು. ನರ್ಸಿನ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಇನ್ನು ಸಂಬಳದ ಆಸೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಎಂಜಿನಿಯರಿಂಗ್‌ಗೆ ಹೋಗುವ ಹುಡುಗನನ್ನು ‘ನಿನಗೆ ದುಡ್ಡಿನ ಆಸೆ ಇದೆಯಾ’ ಅಂತ ಯಾರೂ ಕೇಳುವುದಿಲ್ಲ. ನರ್ಸ್ ಮಾತ್ರ ಪುಣ್ಯಕ್ಕೆ ದುಡಿಯಬೇಕು ಅನ್ನುವ ಈ ನಿರೀಕ್ಷೆಯಿಂದಲೇ ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಹೊಸ ಹುಡುಗಿಯರಿಗೆ ಕೈಗೆ ಬರುವುದು ಚೂರುಪಾರು. ನನಗೆ ಇದರ ಮೇಲೆ ತುಂಬಾ ಸಿಟ್ಟಿದೆ. ಮನೆಯ ಸಾಲ ತೀರಿಸುವ ಆಸೆಯೂ, ರೋಗಿಯ ಹಿಮ್ಮಡಿ ನೋಡುವ ಕಣ್ಣೂ ಒಬ್ಬಳಲ್ಲೇ ಇರಬಹುದು. ಆದರೆ ಜರ್ಮನಿ ನಾಳೆಯೇ ಸಿಗುವುದಿಲ್ಲ. ಅಲ್ಲಿನ ಭಾಷೆಯನ್ನು ಕೆಲಸಕ್ಕೆ ಸಾಕಾಗುವಷ್ಟು, ಅಂದರೆ ಭಾಷಾ ಪರೀಕ್ಷೆಯ ಬಿ1 ಅಥವಾ ಬಿ2 ಮಟ್ಟದವರೆಗೆ ಕಲಿಯಬೇಕು, ನಿನ್ನ ಡಿಗ್ರಿಗೆ ಅಲ್ಲಿ ಮಾನ್ಯತೆ ಸಿಗಬೇಕು. ಮುಂಗಡ ದುಡ್ಡು ಕೇಳುವ ಏಜೆಂಟರನ್ನು ನಂಬಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಕೇಳುತ್ತೇನೆ. ಅಪ್ಪನಿಗೆ ಮಾಡಿದ್ದು ಅಪ್ಪನ ಮೇಲಿನ ಪ್ರೀತಿಗೆ. ಪರಿಚಯವೇ ಇಲ್ಲದವನಿಗೆ, ಕುಡಿದು ಬಂದು ಬೈಯುವವನಿಗೆ, ನಡುರಾತ್ರಿ ಮೂರನೇ ಸಲ ಬಟ್ಟೆ ಹಾಳು ಮಾಡಿಕೊಂಡ ಅಜ್ಜನಿಗೆ ಅದನ್ನೇ ಮಾಡುತ್ತೀಯಾ? ಇದಕ್ಕೆ ಮನೆಯಲ್ಲಿ ಕೂತು ಉತ್ತರ ಹೇಳಬೇಡ. ನಿಮ್ಮ ತಾಲೂಕು ಆಸ್ಪತ್ರೆಯಲ್ಲೋ, ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಲ್ಲೋ ಡ್ಯೂಟಿ ಮುಗಿಸಿ ಹೊರಡುವ ಒಬ್ಬ ಸಿಸ್ಟರ್ ಹತ್ತಿರ ಮಾತಾಡು. ‘ಕೆಲಸ ಹೇಗಿದೆ’ ಅಂತ ಕೇಳಿದರೆ ‘ಹ್ಞಾಂ, ಇದೆ’ ಅಂದುಬಿಡುತ್ತಾರೆ. ನಿನ್ನೆ ರಾತ್ರಿ ಏನೇನಾಯಿತು ಅಂತ ಕೇಳು. ಊಟ ಎಷ್ಟೊತ್ತಿಗೆ ಮಾಡಿದಿರಿ ಅಂತ ಕೇಳು. ಕೇಳಿಸಿಕೊಂಡ ಮೇಲೂ ಒಳಗೆ ಹೋಗಿ ನೋಡಬೇಕು ಅನಿಸಿದರೆ ಹಿಂದೆಮುಂದೆ ನೋಡದೆ ಸೇರಿಕೋ.

ದೊಡ್ಡಪ್ಪನ ಜೊತೆ ವಾದಕ್ಕೆ ಇಳಿಯಬೇಡ. ಹೊಲಸು ಬಾಚುವ ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಸ್ಥಿತಿ ಅವರಿಗೂ ಗೊತ್ತು. ಸ್ವಲ್ಪ ಗಂಭೀರ ಅಂದರೆ ಸಾಕು, ಕರಾವಳಿಯವರು ಮಣಿಪಾಲ, ಮಂಗಳೂರು, ಗೋವಾ ಅಂತ ಓಡುತ್ತಾರೆ, ಶಿರಸಿ ಕಡೆಯವರು ಹುಬ್ಬಳ್ಳಿಗೆ ಓಡುತ್ತಾರೆ. ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದು ಕೇಳಿದ್ದಾರೆ. 2016ರಲ್ಲಿ ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂದಿದ್ದೂ ಒಂದು ಹೆಜ್ಜೆಯೇ. ಆದರೆ ಕಟ್ಟಡ ಎಷ್ಟೇ ಎದ್ದರೂ ಐಸಿಯುನಲ್ಲಿ ರಾತ್ರಿಯಿಡೀ ನಿಲ್ಲಲು ಕಲಿತ ನರ್ಸ್ ಬೇಕು. ಅವಳು ಅಂಕೋಲೆಯವಳೇ ಆದರೆ ರೋಗಿಯ ಮಾತು ಬೇಗ ಅರ್ಥವಾಗುತ್ತದೆ. ಇದನ್ನೆಲ್ಲ ನೀನು ಹೇಳುವುದಕ್ಕಿಂತ ಅಪ್ಪನ ಬಾಯಿಂದ ದೊಡ್ಡಪ್ಪನಿಗೆ ಹೇಳಿಸು. ಮದುವೆಯ ಮಾತು ಈಗಲೇ ಬೇಡ.

ನೀಟ್ ಸಿಗದ್ದಕ್ಕೆ ಇಲ್ಲಿಗೆ ಬಂದೆ ಅನ್ನುವವರು ಇರುತ್ತಾರೆ. ಅನ್ನಲಿ. ನರ್ಸಿಂಗ್ ಸೇರಿ ಮತ್ತೆ ನೀಟ್ ಬರೆಯುತ್ತೇನೆ ಅಂತ ಮಾತ್ರ ಹೊರಡಬೇಡ. ಎರಡು ದೋಣಿಯಲ್ಲಿ ಕಾಲಿಟ್ಟರೆ ಮೊದಲ ವರ್ಷದ ಅನಾಟಮಿಯೇ ಕೈಕೊಡುತ್ತದೆ.

ಬಿಎಸ್ಸಿ ನರ್ಸಿಂಗ್ 4 ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು. ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಬೇಕು. ಸಿಇಟಿ ಇರುವುದರಿಂದ ಮೊದಲು ಸರ್ಕಾರಿ ಸೀಟಿಗೆ ನೋಡು. ಅದು ಆಗದಿದ್ದರೆ 3 ವರ್ಷದ ನರ್ಸಿಂಗ್ ಡಿಪ್ಲೊಮಾ, ಜಿಎನ್‌ಎಂ ಇದೆ. ಅದು ಮುಗಿದ ಮೇಲೆ ಇನ್ನೂ 2 ವರ್ಷ ಓದಿದರೆ ಪೋಸ್ಟ್ ಬೇಸಿಕ್ ಬಿಎಸ್ಸಿ ಆಗುತ್ತದೆ. ಖಾಸಗಿ ಕಾಲೇಜಾದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ನೋಡು. ಜೊತೆಗಿನ ಆಸ್ಪತ್ರೆಯಲ್ಲಿ ರೋಗಿಗಳು ಇದ್ದಾರಾ ಅಂತ ಕಣ್ಣಾರೆ ನೋಡಿ ಬಾ. ಹಾಸಿಗೆ ಖಾಲಿ ಇರುವ ಕಡೆ ನರ್ಸಿಂಗ್ ಕಲಿಯಲು ಆಗುವುದಿಲ್ಲ.

ಅರ್ಜಿಯನ್ನು ಬದಲಿಸು. ನೈಟಿಂಗೇಲ್ ಹೆಸರು ತೆಗೆ. ನೋಟ್‌ಬುಕ್ಕಿನ ವಿಷಯ, ಹಿಮ್ಮಡಿಯ ವಿಷಯ ನನಗೆ ಬರೆದ ಹಾಗೆಯೇ ಅಲ್ಲೂ ಬರೆ. ಸಾಲದ ವಿಷಯವನ್ನೂ ಒಂದು ಸಾಲು ಸೇರಿಸು, ಸ್ಕಾಲರ್‌ಶಿಪ್ ಕೊಡುವವರಿಗೆ ಅದು ಗೊತ್ತಿರಬೇಕು. ಮತ್ತೆ ಹೆಪಟೈಟಿಸ್ ಬಿ ಲಸಿಕೆ ಚಿಕ್ಕವಳಿದ್ದಾಗ ಹಾಕಿಸಿದ್ದಾರಾ ಅಂತ ಆಯಿಯ ಹತ್ತಿರ ಕಾರ್ಡ್ ಕೇಳು. ಇಲ್ಲದಿದ್ದರೆ ಈ ವಾರವೇ ಶುರು ಮಾಡು. ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ವಾರ್ಡಿಗೆ ಕಾಲಿಡುವ ಮೊದಲು ಅದು ಆಗಿರಲಿ.